ಎಡಗಣ್ಣಿನ ರೈಫಲ್

ಅಕ್ಕ ಕಣ್ಣು ಮುಚ್ಚಿಕೊಂಡಳು. ಬಂದೂಕಿನ ಅಂಗಡಿಯ ನಟ್ಟನಡುವೆ, ಗಾಜಿನ ಕಪಾಟುಗಳ ಮಧ್ಯೆ, ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತು, ಹೊಸ ರೈಫಲನ್ನು ಎಡಭುಜಕ್ಕೆ ಏರಿಸಿದಳು. ಕೆನ್ನೆ ತಾನಾಗಿ ಹೋಗಿ ಮರಕ್ಕೆ ಒರಗಿತು. ಒಂದು ಉಸಿರು ಬಿಟ್ಟು ಕಣ್ಣು ತೆರೆದಳು.

"ಕಾಣ್ತಿದೆ ಕಣೋ. ಸರಿಯಾಗಿ ನಡುವಿಗೇ ಬಂದು ಕೂತಿದೆ."

ಅವಳಿಗೆ ಈ ಪರೀಕ್ಷೆ ಕಲಿಸಿದವನು ತಮ್ಮನೇ. ಅವನ ಕಸುಬು ಅದು: ಗುರಿ ಹೊಡೆಯುವವರ ಮೈಗೆ ತಕ್ಕಂತೆ ರೈಫಲಿನ ಮರದ ಹಿಡಿಯನ್ನು ಕೆತ್ತಿಕೊಡುವುದು. ಗಿರಾಕಿ ಕಣ್ಣು ಮುಚ್ಚಿ ರೈಫಲ್ ಎತ್ತಬೇಕು, ಮೈಗೆ ಹಾಯೆನಿಸುವ ಹಾಗೆ ಹಿಡಿಯಬೇಕು, ಆಮೇಲೆ ಕಣ್ಣು ಬಿಡಬೇಕು. ಗುರಿ ನೋಡುವ ಹಿಂದಿನ ತೂತಿನ ನಡುವೆ ನಳಿಗೆಯ ತುದಿಯ ಪುಟ್ಟ ಬಳೆ ಕಂಡರೆ ಅದು ಅವರದೇ ರೈಫಲ್. ಕತ್ತು ಚಾಚಿ ಹುಡುಕುವ ಹಾಗಾದರೆ ಅದು ಬೇರೆ ಯಾರಿಗೋ ಹುಟ್ಟಿದ್ದು. ಗಿರಾಕಿ ಬಾಯಲ್ಲಿ ಏನು ಹೇಳುತ್ತಾನೆ ಎಂದು ತಮ್ಮ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಕತ್ತನ್ನು ನೋಡುತ್ತಿದ್ದ.

ಅಕ್ಕನ ಕತ್ತು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಅಕ್ಕ ಹೊಲಿಗೆಯವಳು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅಂಗಡಿ. ಬೆಳಗಿನಿಂದ ಸಂಜೆವರೆಗೆ ಬೇರೆಯವರ ತೋಳು, ಸೊಂಟ, ಕೊರಳು ಅಳೆಯುತ್ತಿದ್ದಳು. ವಾರದ ರಜೆಯ ದಿನ ಕ್ಲಬ್ಬಿಗೆ ಹೋಗಿ ನೆಲದ ಮೇಲೆ ಬೋರಲು ಮಲಗಿ, ದೂರದ ಕಾಗದದ ಕಪ್ಪು ಚುಕ್ಕೆಗೆ ಗುಂಡು ಹೊಡೆಯುತ್ತಿದ್ದಳು. ಕ್ಲಬ್ಬಿನ ತಂಡದಲ್ಲಿ ಅವಳಿಗೊಂದು ಜಾಗ ಕಾಯಂ ಎಂಬ ಹಾಗಿತ್ತು. ಆಮೇಲೆ ಬಲಗಣ್ಣು ಕೈಕೊಟ್ಟಿತು. ಯಾರ ಮುಖ ನೋಡಿದರೂ ಮೂಗಿರುವ ಜಾಗದಲ್ಲಿ ಮಸಿ ಬಳಿದಂತೆ ಕಾಣುತ್ತಿತ್ತು. ಇನ್ನು ಅದು ಸರಿಹೋಗುವುದಿಲ್ಲ, ಎಡಗಣ್ಣು ಮಾತ್ರ ಕನ್ನಡಿಯ ಹಾಗಿದೆ ಎಂದರು ಡಾಕ್ಟರು. ಅಕ್ಕ ಎರಡು ದಿನ ಅತ್ತು, ಮೂರನೆಯ ದಿನ, "ಹಾಗಾದ್ರೆ ಎಡಗಡೆಯಿಂದ ಹೊಡೀತೀನಿ" ಅಂದಳು. ತಂಡದ ಆಯ್ಕೆ ಹತ್ತಿರ ಬಂದಿತ್ತು. ಅದಕ್ಕೇ ಈ ಅಂಗಡಿಗೆ ಬಂದಿದ್ದು. ಎಡಗೈಯವರಿಗೆಂದೇ ತಯಾರಾದ ಈ ರೈಫಲ್ ತೆಗೆದುಕೊಳ್ಳುವುದೋ, ಇಲ್ಲ ಅವಳ ಹಳೆಯದನ್ನೇ ಎಡಕ್ಕೆ ತಿರುಗಿಸುವುದೋ, ಅದನ್ನು ತಮ್ಮ ಹೇಳಬೇಕಿತ್ತು.

"ಅಳತೆ ಕೊಟ್ಟು ಮಾಡಿಸಿದ ಹಾಗಿದೆ ಅಲ್ವೇನಮ್ಮಾ?" ಅಂದ ಅಂಗಡಿಯವನು. ಬೆರಳಿನ ಗುರುತು ಬೀಳಬಾರದೆಂದು ಸದಾ ಬಿಳಿ ಕೈಗವಸು ಹಾಕಿರುತ್ತಿದ್ದನಾದ್ದರಿಂದ ಕ್ಲಬ್ಬಿನವರೆಲ್ಲ ಅವನನ್ನು ಗ್ಲೌಸು ಎಂದೇ ಕರೆಯುತ್ತಿದ್ದರು. "ಗುಂಡು ಹಾಕೋ ಬೋಲ್ಟೂ ಎಡಗಡೆಗೇ ಇದೆ ನೋಡಿ. ಬಿಚ್ಚೋದು ಬೇಡ, ಕೆತ್ತೋದು ಬೇಡ."

"ಎಲ್ಲರೂ ಹೀಗೆ ರೆಡಿಮೇಡ್ ತಗೊಂಡ್ರೆ ಕೆತ್ತೋರು ಏನ್ರೀ ಮಾಡ್ಬೇಕು?" ತಮ್ಮ ನಗುತ್ತಲೇ ಕೇಳಿದ.

"ಕಿಟಕಿ ಬಾಗಿಲು ಮಾಡಿ. ಊರ ತುಂಬ ಮನೆ ಏಳ್ತಿದೆಯಲ್ಲ!"

ಮೂವರೂ ನಕ್ಕರು. ಅಕ್ಕ ಹೆಚ್ಚೇ ನಕ್ಕಳು. ತಮ್ಮನ ನಗು ಅರ್ಧಕ್ಕೆ ನಿಂತಿತು.

ಕ್ಲಬ್ಬಿನ ಕೋಣೆಯಲ್ಲಿ ಅಕ್ಕನದೊಂದು ಫೋಟೋ ಇದೆ. ಭುಜಕ್ಕೆ ಅವಳ ಹಳೆಯ ರೈಫಲ್, ತಮ್ಮ ಕೆತ್ತಿದ ಮರ. ಹೊಸಬರು ಬಂದರೆ ತಂಡದ ಕ್ಯಾಪ್ಟನ್ ಅದನ್ನು ತೋರಿಸಿ, "ಇದನ್ನು ಮಾಡಿದವರ ಹತ್ತಿರ ಹೋಗಿ" ಅನ್ನುತ್ತಿದ್ದರು. ಈಗ ಆ ಅಕ್ಕನೇ ಗ್ಲೌಸಿನ ಅಂಗಡಿಯಿಂದ ಹೊಸ ರೈಫಲ್ ಹೊತ್ತು ಬಂದರೆ? ಆದರೆ ಅವನನ್ನು ನಿಜವಾಗಿ ಚುಚ್ಚಿದ್ದು ಇನ್ನೊಂದು. ಅವಳ ಹಳೆಯ ಹಿಡಿಯನ್ನು ಅವನು ಎಷ್ಟೋ ಸಲ ಬಿಚ್ಚಿ, ಉಜ್ಜಿ, ಮತ್ತೆ ಕೂಡಿಸಿ ಅವಳ ಮೈಗೆ ಒಗ್ಗಿಸಿದ್ದ. ಎಲ್ಲೋ ಒಂದು ಕಾರ್ಖಾನೆಯಲ್ಲಿ ಯಾರ ಮುಖವನ್ನೂ ನೋಡದೆ ಯಂತ್ರ ಕೊರೆದೆಸೆದ ಈ ಮರ ಅವಳ ಕೆನ್ನೆಯನ್ನು ಹುಟ್ಟಿದಾಗಿನಿಂದ ಬಲ್ಲ ಹಾಗೆ ಕೂತಿತ್ತು.

"ಕತ್ತು ವಾಲ್ತಿದೆ ಅಕ್ಕ," ಅಂದ.

"ವಾಲ್ತಿದೆಯಾ? ನನಗೇನೂ ಅನ್ನಿಸ್ಲಿಲ್ವಲ್ಲೋ."

"ನಿನಗೆ ಗೊತ್ತಾಗಲ್ಲ. ಇದು ನಿನಗೆ ಉದ್ದ."

"ಮತ್ತೆ ನಡುವಿಗೇ ಕಾಣ್ತಲ್ಲ?"

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಣ್ಣ ಚೆನ್ನಾಗಿಲ್ಲ ಅನ್ನಬಹುದಿತ್ತು, ತೂಕ ಜಾಸ್ತಿ ಅನ್ನಬಹುದಿತ್ತು, ನನಗೆ ಇಷ್ಟ ಇಲ್ಲ ಅಂತಲೇ ಅನ್ನಬಹುದಿತ್ತು, ಬೈದುಕೊಂಡು ಒಪ್ಪುತ್ತಿದ್ದಳು. ತಮ್ಮ ಹಾಗೆ ಮಾಡಲಿಲ್ಲ. ಅವಳಿಗೆ ಎಲ್ಲಿ ನೋವಿದೆಯೋ ಸರಿಯಾಗಿ ಅಲ್ಲೇ ಕೈ ಹಾಕಿದ.

"ಆ ಕಣ್ಣಿಗೆ ಇನ್ನೂ ಅಭ್ಯಾಸ ಇಲ್ಲ ಅಕ್ಕ. ಇಷ್ಟು ವರ್ಷ ಗುರಿ ನೋಡಿದ್ದು ಬಲಗಣ್ಣು. ಇದು ಸುಳ್ಳು ಹೇಳುತ್ತೆ. ನಂಬಬೇಡ."

ಬೇರೆಯವರ ಮಗುವನ್ನು ತನ್ನದೆಂದು ಎತ್ತಿಕೊಂಡುಬಿಟ್ಟವಳ ಹಾಗೆ ಅಕ್ಕ ರೈಫಲನ್ನು ಮೆಲ್ಲಗೆ ಕೆಳಗಿಟ್ಟಳು. "ಹೌದಾ?" ಅಂದಳು. ಆಮೇಲೆ, "ನೀನು ಹೇಳಿದ ಮೇಲೆ ಮುಗೀತು ಬಿಡು. ನನ್ನ ಹಳೇದನ್ನೇ ಮಾಡು."

ಗ್ಲೌಸು ತಮ್ಮನ ಮುಖವನ್ನು ಒಮ್ಮೆ ನೋಡಿದ. ಅವನಿಗೂ ಆ ಕಸುಬಿನ ಕಣ್ಣಿತ್ತು. ಬಟ್ಟೆ ತೆಗೆದುಕೊಂಡು, ಅಕ್ಕನ ಕೆನ್ನೆ ತಾಗಿದ್ದ ಜಾಗವನ್ನು ಒರೆಸತೊಡಗಿದ.

ತಮ್ಮ ಕೆಲಸವನ್ನು ಮೈಮುರಿದು ಮಾಡಿದ. ತಪ್ಪು ಮಾಡಿದವನಿಗೆ ಬರುವ ಶ್ರದ್ಧೆ ಅದು. ಹಳೆಯ ಹಿಡಿಯ ಎಡಮಗ್ಗುಲಲ್ಲಿ ಕೆನ್ನೆ ಒರಗುತ್ತಿದ್ದ ಉಬ್ಬನ್ನು ಕೆತ್ತಿ ತೆಗೆದ. ಬಲಮಗ್ಗುಲಿಗೆ ಅದೇ ಜಾತಿಯ ಮರದ ತುಂಡು ಅಂಟಿಸಿ ಹೊಸ ಉಬ್ಬು ಮಾಡಿದ. ಅಂಗೈ ಹಿಡಿಯುವ ಜಾಗವನ್ನೂ ತಿರುವಿದ. ಅಂಟಿಸಿದ ಜಾಗ ಎಲ್ಲಿದೆಯೆಂದು ಉಗುರಿಗೂ ಸಿಗದ ಹಾಗೆ ಉಜ್ಜಿದ. ಬೋಲ್ಟ್ ಒಂದು ಮಾತ್ರ ಬಲಗಡೆಗೇ ಉಳಿಯಿತು. ಅದನ್ನು ಬದಲಿಸಲು ಬರುವಂತಿರಲಿಲ್ಲ. ಪ್ರತಿ ಗುಂಡಿಗೂ ಅಕ್ಕ ರೈಫಲಿಗೆ ಆಧಾರ ಕೊಟ್ಟ ಬಲಗೈಯನ್ನು ಬಿಡಿಸಿಕೊಂಡು ಬೋಲ್ಟ್ ಎಳೆಯಬೇಕು, ಕಟ್ಟಿದ ಭಂಗಿ ಮುರಿಯಬೇಕು, ಮತ್ತೆ ಮೊದಲಿಂದ ಕಟ್ಟಬೇಕು.

"ರೂಢಿ ಆಗುತ್ತೆ," ಅಂದ.

"ಆಗುತ್ತೆ ಬಿಡೋ," ಅಂದಳು ಅಕ್ಕ.

ಆಗಲಿಲ್ಲ. ಗುಂಡುಗಳು ಕಪ್ಪು ಚುಕ್ಕೆಯ ಸುತ್ತ ಕೋಳಿ ಕೆದರಿದ ಹಾಗೆ ಬಿದ್ದವು. ಅಕ್ಕ ಒಂದು ದಿನವೂ ರೈಫಲನ್ನು ದೂರಲಿಲ್ಲ. ದೂರಿದ್ದರೆ ತಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಒಂದು ಮಧ್ಯಾಹ್ನ ತಮ್ಮ ಅವಳ ಹೊಲಿಗೆ ಅಂಗಡಿಗೆ ಹೋದ. ಭಾವ ಸ್ಟೂಲಿನ ಮೇಲೆ ಕೂತು, ನಾಲಗೆ ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು. ಅಕ್ಕ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿ, ಬಳಪದಲ್ಲಿ ಗೆರೆ ಎಳೆದು, ಕತ್ತರಿ ಹಿಡಿದು ಸುಮ್ಮನೆ ನಿಂತಿದ್ದಳು.

"ಬಾರಪ್ಪಾ," ಅಂದರು ಭಾವ. "ನಿಮ್ಮಕ್ಕ ನನ್ನನ್ನ ಅಸಿಸ್ಟೆಂಟ್ ಮಾಡ್ಕೊಂಡಿದ್ದಾಳೆ. ದಾರ ಪೋಣಿಸೋದೂ ನಾನೇ, ಗೆರೆ ನೋಡೋದೂ ನಾನೇ. ಬೈಸಿಕೊಳ್ಳೋದಂತೂ ಮೊದಲಿಂದ ನನ್ನದೇ ಡ್ಯೂಟಿ."

"ಬಾಯಿ ಮುಚ್ಕೊಂಡು ಇದನ್ನ ನೋಡ್ರೀ, ನೆಟ್ಟಗಿದೆಯಾ?"

"ನೆಟ್ಟಗಿದೆ ಕಣೇ. ಹತ್ತು ಸಲ ಹೇಳಿದೆ."

"ನಿಮಗೇನು ಗೊತ್ತಾಗುತ್ತೆ?" ಅಕ್ಕ ತಮ್ಮನ ಕಡೆ ತಿರುಗಿದಳು. "ನೀನು ನೋಡು. ಈ ಕಣ್ಣು ಸುಳ್ಳು ಹೇಳುತ್ತೆ ಅಂತ ಅವತ್ತು ನೀನು ಹೇಳಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ಎಷ್ಟು ಜನರ ಬಟ್ಟೆ ಕೆಡಿಸ್ತಿದ್ನೋ ಏನೋ."

ಚುಚ್ಚಿ ಅಂದಿದ್ದಲ್ಲ. ಅವಳು ಆ ಮಾತನ್ನು ಉಪಕಾರವೆಂದೇ ಇಟ್ಟುಕೊಂಡಿದ್ದಳು. ತಮ್ಮ ಬಗ್ಗಿ ನೋಡಿದ. ದಾರ ಕಟ್ಟಿ ಎಳೆದಂಥ ಗೆರೆ. ಅವನ ಕೈಯಲ್ಲೂ ಅಂಥ ಗೆರೆ ಬರುತ್ತಿರಲಿಲ್ಲ.

"ನೆಟ್ಟಗಿದೆ ಅಕ್ಕ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ತಕ್ಷಣ ಕತ್ತರಿ ಹಾಕಿದಳು. ಬಟ್ಟೆ ಸರಸರ ಸೀಳುತ್ತ ಹೋಯಿತು. ಗಂಡ ಹತ್ತು ಸಲ ಹೇಳಿದರೂ ಏಳದ ಕೈ ತಮ್ಮನ ಒಂದೇ ಮಾತಿಗೆ ಎದ್ದಿತ್ತು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದ.

"ಅಂದಹಾಗೆ," ಅಂದಳು ಅಕ್ಕ, ತಲೆ ಎತ್ತದೆ, "ಆಯ್ಕೆಗೆ ನನ್ನ ಹೆಸರು ಬೇಡ ಅಂತ ಕ್ಯಾಪ್ಟನ್‌ಗೆ ಹೇಳ್ಬಿಟ್ಟೆ. ಸುಮ್ನೆ ಒಂದು ಜಾಗ ಯಾಕೆ ಹಾಳು?"

ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಭಾವ, "ಟೀ ಕುಡೀತೀಯಾ?" ಅಂದರು. "ಕುಡೀತೀನಿ" ಅಂದ. ಹೇಡಿಗೆ ಒಂದು ಲೋಟ ಟೀ ಸಾಕಾಯಿತು.

ಅಲ್ಲಿಂದ ನೇರ ಗ್ಲೌಸಿನ ಅಂಗಡಿಗೆ ಹೋದ. ಎಡಗೈ ರೈಫಲ್ ಇದ್ದ ಜಾಗದಲ್ಲೇ ಇತ್ತು.

"ಹೋಗಿಲ್ವಾ ಇದು?"

"ಎಡಗೈಯವರು ದಿನಾ ಬಂದು ಬಾಗಿಲು ತಟ್ತಾರೇನ್ರೀ?"

"ಅವತ್ತು ನಿಮಗೆ ಗೊತ್ತಾಗಿತ್ತು ಅಲ್ವಾ?"

"ಗೊತ್ತಾಗದೆ ಏನು?"

"ಮತ್ತೆ ಯಾಕ್ರೀ ಬಾಯಿಬಿಡ್ಲಿಲ್ಲ?"

ಗ್ಲೌಸು ಮೊದಲ ಬಾರಿಗೆ ಕೈಗವಸು ಕಳಚಿ ಮೇಜಿನ ಮೇಲಿಟ್ಟ. ಒಳಗಿನ ಕೈಗಳು ಬೆವರಿ ಬಿಳಿಚಿಕೊಂಡಿದ್ದವು. "ನಾನು ಮಾರೋನು. ನನ್ನ ಮಾತು ಯಾರು ನಂಬ್ತಾರೆ? ನೀವು ತಮ್ಮ."

ರಜೆಯ ದಿನ ಬೆಳಿಗ್ಗೆ ಗ್ಲೌಸು ತಾನೇ ಆ ರೈಫಲನ್ನು ಕ್ಲಬ್ಬಿಗೆ ತಂದುಕೊಟ್ಟು, ಕಾರಿನ ಹತ್ತಿರ ಹೋಗಿ ನಿಂತ. ಇನ್ನೂ ಯಾರೂ ಬಂದಿರಲಿಲ್ಲ. ತಮ್ಮ ಎರಡೂ ರೈಫಲುಗಳನ್ನು ಉದ್ದನೆಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದ. ಅಕ್ಕ ಬಂದು ನೋಡಿ, "ಇದ್ಯಾಕೋ ಇಲ್ಲಿ?" ಅಂದಳು.

"ಕಣ್ಣು ಮುಚ್ಚಕ್ಕ."

ಮೊದಲು ತಾನು ತಿರುಗಿಸಿಕೊಟ್ಟದ್ದನ್ನು ಅವಳ ಕೈಗಿಟ್ಟ. ಅವಳು ಎಡಭುಜಕ್ಕೆ ಏರಿಸಿ ಕಣ್ಣು ಬಿಟ್ಟಳು. ಕತ್ತು ಮೆಲ್ಲಗೆ ಮುಂದಕ್ಕೆ ಚಾಚಿತು.

"ಸ್ವಲ್ಪ ಪಕ್ಕಕ್ಕಿದೆ. ಈ ಕಣ್ಣಿನ ಹಣೆಬರಹ."

"ಕಣ್ಣಿನದಲ್ಲ. ಇದನ್ನ ತಗೋ."

ಅವಳು ಮತ್ತೆ ಕಣ್ಣು ಮುಚ್ಚಿದಳು, ಎತ್ತಿದಳು, ತೆರೆದಳು.

"ಇದು ನಡುವೆ ಇದೆ. ಅವತ್ತೂ ಹೀಗೇ ಇತ್ತು. ಕತ್ತು ವಾಲಿದೆ ಅಂದೆಯಲ್ಲ?"

"ವಾಲಿರಲಿಲ್ಲ."

ಅಕ್ಕ ರೈಫಲ್ ಇಳಿಸಲಿಲ್ಲ. ಕೆನ್ನೆ ಮರದ ಮೇಲೇ ಇತ್ತು. "ಮತ್ತೆ?"

"ಸುಳ್ಳು ಹೇಳಿದ್ದು ಕಣ್ಣಲ್ಲ ಅಕ್ಕ. ನಾನು. ಅದು ನಿನಗೆ ಸರಿಯಾಗಿ ಕೂತಿದ್ದನ್ನ ನೋಡೋಕೆ ನನ್ನಿಂದ ಆಗ್ಲಿಲ್ಲ."

ಬೈಗುಳಕ್ಕೆ ಕಾದ. ಅಕ್ಕನ ಬೈಗುಳ ಊರಿಗೇ ಗೊತ್ತಿದ್ದದ್ದು; ಕತ್ತೆ, ಮುಠ್ಠಾಳ, ಹೊಟ್ಟೆಕಿಚ್ಚಿನ ಮುಂಡೇದೇ, ಏನಾದರೂ ಒಂದು ಬಂದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ರೈಫಲ್ ಇಳಿಸಿದಳು. ಚಾಪೆ ಹಾಸಿ ಮಲಗಿದಳು, ತೋಳಿಗೆ ರೈಫಲಿನ ಪಟ್ಟಿ ಬಿಗಿದಳು, ಎಡಗೈಯಿಂದಲೇ ಬೋಲ್ಟ್ ಎಳೆದು ಗುಂಡು ಹಾಕಿದಳು.

"ಪಕ್ಕಕ್ಕೆ ಸರಿ. ಬೆಳಕಿಗೆ ಅಡ್ಡ ನಿಂತಿದ್ದೀಯ."

ಸರಿದ. ಅವಳು ಹೊಡೆದಳು, ಮತ್ತೆ ಹೊಡೆದಳು. ಬಲಗೈ ಇದ್ದಲ್ಲಿಂದ ಕದಲಲಿಲ್ಲ, ಭಂಗಿ ಮುರಿಯಲಿಲ್ಲ. ತಮ್ಮ ಅಭ್ಯಾಸಬಲದಿಂದ ಅವಳ ಕತ್ತನ್ನೇ ನೋಡುತ್ತಿದ್ದ. ಸರಿಪಡಿಸಲು ಅಲ್ಲಿ ಏನೂ ಇರಲಿಲ್ಲ. ಮೊದಲ ಗುಂಡುಗಳು ಅತ್ತಿತ್ತ ಹೋದವು. ಆಮೇಲಿನವು ಕಪ್ಪಿನೊಳಗೆ ಒಂದರ ಮಗ್ಗುಲಿಗೆ ಒಂದು ಸೇರಿಕೊಂಡವು.

"ನನ್ನ ಹಳೇ ರೈಫಲ್," ಎಂದಳು, ಕಣ್ಣು ತೂತಿನಿಂದ ತೆಗೆಯದೆ, "ಮೊದಲಿನ ಹಾಗೆ ಮತ್ತೆ ಮಾಡೋಕೆ ಬರುತ್ತಾ?"

"ಇಲ್ಲ ಅಕ್ಕ. ಆ ಕಡೆ ಪೂರ್ತಿ ಕೆತ್ತಿ ತೆಗೆದಿದ್ದೀನಿ."

ಅವಳು ಬೋಲ್ಟ್ ಎಳೆದು ಮತ್ತೊಂದು ಗುಂಡು ಹಾಕಿದಳು.

"ಹಾಗಾದ್ರೆ ಇಲ್ಲಿ ನಿಂತು ಏನು ಮಾಡ್ತೀಯ? ಕ್ಯಾಪ್ಟನ್ ಬಂದಿರ್ತಾರೆ. ನನ್ನ ಹೆಸರು ಮತ್ತೆ ಸೇರಿಸ್ಕೊಳ್ಳಿ ಅಂತ ಹೇಳು. ಯಾಕೆ ತೆಗೆಸಿದ್ದೆ ಅನ್ನೋದನ್ನೂ ನೀನೇ ಹೇಳು. ಎಲ್ಲರೂ ಇರುವಾಗ ಹೇಳು."

ಕ್ಲಬ್ಬಿನ ಕೋಣೆಯಲ್ಲಿ ಆಗಲೇ ಜನ ಸೇರಿದ್ದರು. ಗೋಡೆಯ ಮೇಲೆ ಫೋಟೋ, ಅದರ ಕೆಳಗೆ ಬೆಂಚಿನ ಮೇಲೆ ಹೊಸಬರಿಬ್ಬರು. ಕ್ಯಾಪ್ಟನ್ ಬೆರಳೆತ್ತಿ ಅವರಿಗೆ ಅದೇ ಫೋಟೋ ತೋರಿಸುತ್ತಿದ್ದರು. "ಓ, ಬಂದ್ರು ನೋಡಿ, ಇವರೇ ಅದನ್ನು ಮಾಡಿದವರು! ಏನ್ರೀ, ಅಕ್ಕನ ಕಣ್ಣು ಹೇಗಿದೆ ಈಗ?"

ಎಲ್ಲರೂ ಅವನ ಕಡೆ ತಿರುಗಿದರು. ಹೊರಗೆ ಅಕ್ಕ ಇನ್ನೊಂದು ಗುಂಡು ಹೊಡೆದಳು.

"ಅವಳ ಎಡಗಣ್ಣಿಗೆ ಏನೂ ಆಗಿಲ್ಲ," ಎಂದು ತಮ್ಮ ಶುರುಮಾಡಿದ. ಮುಂದಿನ ಮಾತಿಗೆ ಅವನ ತಲೆ ತಾನಾಗಿ ಬಗ್ಗಿತು.