ನೂರಾ ನಾಲ್ಕರ ಮುಳ್ಳು

ಗಾಡಿಗೂ ಜ್ವರ ಬರುತ್ತದೆ ಎಂದು ನಂಬಿದ ಗಂಡನ ಜೊತೆ ಸಂಸಾರ ಮಾಡಿದವಳು ನಾನು. ನಗುವವರು ನಗಲಿ. ನಾನೂ ಮೊದಮೊದಲು ನಕ್ಕಿದ್ದೇನೆ.

ನಮ್ಮ ಮನೆಯವರು, ಖಂಡಪ್ಪ, ಅಫಜಲಪುರದ ಬಸ್‌ಸ್ಟ್ಯಾಂಡಿನಿಂದ ಸುತ್ತಲಿನ ಹಳ್ಳಿಗಳಿಗೆ ಜನರನ್ನೂ ಜೋಳದ ಚೀಲಗಳನ್ನೂ ಸಾಗಿಸುತ್ತಿದ್ದರು. ಗಾಡಿಯೆಂದರೆ ಮುಂದೆ ಹಳೆಯ ಬುಲೆಟ್, ಹಿಂದೆ ಎರಡು ಗಾಲಿ, ಗಾಲಿಗಳ ಮೇಲೆ ಹಲಗೆ ಬಡಿದ ತೊಟ್ಟಿ. ಒಂದು ಬೇಸಿಗೆಯಲ್ಲಿ ಆಳಂದದ ದಾರಿಯಲ್ಲಿ ಅದರ ಎಂಜಿನ್ ಕಾದು ಬಿಗಿಹಿಡಿದು ನಿಂತುಬಿಟ್ಟಿತು. ಮೆಕ್ಯಾನಿಕ್ ಮೌಲಾಸಾಬ ಎಲ್ಲ ಬಿಚ್ಚಿ ಸರಿಮಾಡಿ, ಗುಜರಿ ಲಾರಿಯೊಂದರಿಂದ ಕಿತ್ತ ಮೀಟರನ್ನು ಹ್ಯಾಂಡಲಿನ ನಡುವೆ ಕೂರಿಸಿಕೊಟ್ಟ. ಎಂಜಿನ್ನಿನೊಳಗಿನ ಎಣ್ಣೆ ಎಷ್ಟು ಬಿಸಿಯಾಗಿದೆ ಎಂದು ಅದರ ಮುಳ್ಳು ತೋರಿಸುತ್ತಿತ್ತು. ನಲವತ್ತರಿಂದ ನೂರಾ ನಲವತ್ತರವರೆಗೆ ಅಂಕಿಗಳು, ಕೊನೆಯಲ್ಲಿ ಒಂದು ಕೆಂಪು ಗೀಟು.

“ಮುಳ್ಳ ಕೆಂಪಿಗಿ ಬಂದ್ರ ನಿಂದ್ರಸ್ರಿ. ಅಲ್ಲೀತನ ಬೇಫಿಕರ್ ಹೋಗ್ರಿ,” ಎಂದಿದ್ದ ಮೌಲಾಸಾಬ.

ಇವರು ನಿಲ್ಲಿಸುತ್ತಿದ್ದುದು ನೂರಾ ನಾಲ್ಕಕ್ಕೆ. ಕೆಂಪು ಗೀಟು ಇನ್ನೂ ದೂರವಿರುತ್ತಿತ್ತು. ಆದರೂ ಗಾಡಿಯನ್ನು ಬೇವಿನ ಮರದ ಕೆಳಗೆ ತಂದು, ಡಬ್ಬಿಯ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಎಂಜಿನ್ನಿನ ನೆತ್ತಿಗೆ ಇಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ಹಿಂದೆ ಕೂತ ಜನ ಬೈದು ಇಳಿದು ಬಸ್ಸು ಹತ್ತುತ್ತಿದ್ದರು.

ಯಾಕೆ ನೂರಾ ನಾಲ್ಕು ಎಂಬುದು ಊರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಮ್ಮ ಮಗಳು ದ್ರೌಪದಿಗೆ ಜ್ವರ ಬಂದಾಗ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ಓದಿದವರು ಇವರೇ. ನೂರಾ ನಾಲ್ಕು. ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತರು. ಗುಲಬರ್ಗಾದ ದವಾಖಾನೆಗೆ ಒಯ್ಯಲು ಜೀಪು ತರುತ್ತೇನೆಂದು ಹೋಗಿ ತಿರುಗಿ ಬರುವಷ್ಟರಲ್ಲಿ ಮಗು ತೀರಿಕೊಂಡಿತ್ತು. ಅಂದಿನಿಂದ ಅವಳ ಹೆಸರು ಇವರ ಬಾಯಿಂದ ಹೊರಬಿದ್ದಿರಲಿಲ್ಲ. ನಾನೇನಾದರೂ ತೆಗೆದರೆ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರು.

ಗಾಡಿಯಾದರೋ ಇವರ ಆರೈಕೆಯಿಂದಲೇ ಸೊರಗತೊಡಗಿತು. ಮೌಲಾಸಾಬ ಎಣ್ಣೆ ಇಳಿಸಿ ನೋಡಿದರೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಸಿಟ್ಟಾದ.

“ಕಾಕಾ, ಎಣ್ಣಿ ಕಾದ್ರನೇ ಅದರಾಗಿನ ನೀರಿನ ಪಸಿ ಆರತದ. ನೀವು ಕಾಯಾಕ ಬಿಡವಲ್ರಿ. ಸುಡೂ ಎಂಜಿನ್ ಮ್ಯಾಲ ಹಸೀ ಬಟ್ಟಿ ಇಟ್ರ ಸೀಳತದ. ಈ ಮೀಟರಿನ ಡಿಗ್ರಿ ಬ್ಯಾರೆ, ಡಾಕ್ಟರನ ಡಿಗ್ರಿ ಬ್ಯಾರೆ.”

ಇವರು ಹೂಂ ಎಂದರು. ಮರುದಿನ ಮತ್ತೆ ನೂರಾ ನಾಲ್ಕಕ್ಕೆ ನಿಲ್ಲಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಮೌಲಾಸಾಬ ಕೈಬಿಟ್ಟ.

ಆ ಚಳಿಗಾಲದಲ್ಲಿ ಜೇವರ್ಗಿಯಿಂದ ನನ್ನ ತಂಗಿ ಸುಮಿತ್ರಾಬಾಯಿ ಹೇಳಿ ಕಳಿಸಿದಳು. ಹೆಣ್ಣು ಹುಟ್ಟಿದೆ, ತೊಟ್ಟಿಲಿಗೆ ಹಾಕುತ್ತೇವೆ, ನೀವು ಒಪ್ಪಿದರೆ ದ್ರೌಪದಿ ಎಂದೇ ಹೆಸರಿಡುತ್ತೇವೆ. ಆದರೆ ಮಾವ, ಎಂದರೆ ನಮ್ಮ ಮನೆಯವರು, ಬಂದು ತಮ್ಮ ಬಾಯಿಂದ ಹೂಂ ಅನ್ನಬೇಕು. ದೀಪ ಹಚ್ಚುವ ಹೊತ್ತಿನ ತನಕ ಕಾಯುತ್ತೇವೆ, ಬರದಿದ್ದರೆ ಬೇರೆ ಹೆಸರು ಎತ್ತಿಟ್ಟಿದ್ದೇವೆ.

ಆ ಹೆಸರನ್ನು ಕರೆದರೆ ಯಾರಾದರೂ ಓ ಎನ್ನಬೇಕು ಎಂಬುದು ನನ್ನ ಆಸೆ. ಜೀವ ಹಿಡಿದುಕೊಂಡು ಆಸೆಪಟ್ಟೆ. ಇವರನ್ನು ಕೇಳಿದೆ. ಗಾಡಿಗೆ ಗಾಳಿ ಹೊಡೆಸಿಕೊಂಡು ಬಂದರು, ಅಷ್ಟೇ.

ಹೊತ್ತು ಏರಿದ ಮೇಲೆ ಹೊರಟೆವು. ತೊಟ್ಟಿಯಲ್ಲಿ ಕೌದಿ ಹಾಸಿಕೊಂಡು, ಕೂಸಿಗೆ ಹೊಲಿದ ಕುಂಚಿಗೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತೆ. ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟಿತ್ತು. ಎಂಜಿನ್ನಿನ ಗುಡುಗುಡು ಹಲಗೆಯಲ್ಲಿ ಇಳಿದು ಬೆನ್ನಿಗೆ ಬಂತು, ಬೆನ್ನಿನಿಂದ ಕಣ್ಣಿಗೆ ಬಂತು. ಕಣ್ಣು ಮುಚ್ಚಿದರೆ ಎದುರಿನ ಹಲಗೆಯ ಮೇಲೆ ದ್ರೌಪದಿ ಕೂತಿದ್ದಳು. ಕಾಲು ನೆಲ ಮುಟ್ಟುತ್ತಿರಲಿಲ್ಲ, ಆಡಿಸುತ್ತಿದ್ದಳು. ಜಡೆಗೆ ಕಟ್ಟಿದ ಕೆಂಪು ಟೇಪು ಗಾಳಿಗೆ ಬಿಚ್ಚಿಕೊಂಡಿತ್ತು.

“ಯವ್ವಾ, ಜೇವರ್ಗಿ ಇನ್ನಾ ಎಷ್ಟ ದೂರ ಅದ?”

“ಬಂತು ಮಗಾ,” ಎನ್ನುವಷ್ಟರಲ್ಲಿ ಗಾಡಿ ನಿಂತಿತು. ಚೌಡಾಪುರ. ನೂರಾ ನಾಲ್ಕು. ಎದುರಿನ ಹಲಗೆ ಖಾಲಿ.

ಇವರು ಬಟ್ಟೆ ಹಿಂಡಿದರು, ಹಾಕಿದರು, ಕೂತರು. ಎಂಜಿನ್ ಟಿಕ್ ಟಿಕ್ ಎನ್ನುತ್ತ ಆರಿತು. ಹೊರಟೆವು. ಹಲಗೆ ಬೆಚ್ಚಗಾಗುತ್ತ ಬಂದ ಹಾಗೆ ಅವಳೂ ಬಂದಳು. ಈ ಸಲ ಮಡಿಲಲ್ಲಿ ಹಸಿ ಕಡಲೆಯ ಗಿಡ ಇಟ್ಟುಕೊಂಡು ಸುಲಿಯುತ್ತಿದ್ದಳು. ನನಗೊಂದು ಕಾಳು ಚಾಚಿದಳು. ಕೈ ನೀಡಿದೆ. ಗಾಡಿ ನಿಂತಿತು.

ಹೀಗೆ ಗುಲಬರ್ಗಾದ ಹೊರಗೊಮ್ಮೆ, ಫರತಾಬಾದಿನಲ್ಲೊಮ್ಮೆ. ಗಾಡಿ ಬೆಚ್ಚಗಾದರೆ ನನ್ನ ಮಗಳು ಬರುತ್ತಾಳೆ, ಇವರು ತಣ್ಣಗೆ ಮಾಡಿ ಕಳಿಸಿಬಿಡುತ್ತಾರೆ. ಒಂದು ದಿನದಲ್ಲಿ ಎಷ್ಟು ಸಲ ಕಳೆದುಕೊಳ್ಳಲಿ?

ಕಟ್ಟಿಸಂಗಾವಿಯ ಸೇತುವೆಯ ಈಚೆಗೆ ಮತ್ತೆ ನಿಲ್ಲಿಸಿದಾಗ ಸೂರ್ಯ ಭೀಮೆಯ ನೀರಿಗೆ ಇಳಿದಿದ್ದ. ಆಚೆ ದಡದಿಂದ ಜೇವರ್ಗಿ ದೂರವಿಲ್ಲ. ಇವರು ಡಬ್ಬಿಯ ನೀರಿನಲ್ಲಿ ಬಟ್ಟೆ ಅದ್ದುತ್ತಿದ್ದರು. ನಾನು ಇಳಿದು ಹೋಗಿ ಮೀಟರು ನೋಡಿದೆ. ನೂರಾ ನಾಲ್ಕರ ಮೇಲೆ ಮುಳ್ಳು. ನನಗೆ ಮೈಯೆಲ್ಲ ಉರಿದುಹೋಯಿತು.

“ಆ ಬಟ್ಟಿ ಇಡಬ್ಯಾಡ್ರಿ.”

“ಸುಡಾಕತ್ತದ ತುಳಜಾ. ನೂರಾ ನಾಕ್ ಅದ.”

“ಇರಲಿ. ಅವತ್ತ ನೀವು ಜೀಪ್ ತರಾಕ ಹೋಗಿದ್ರಿ. ಆಕಿ ನನ್ನ ತೊಡಿ ಮ್ಯಾಲ ಇದ್ಲು. ಮೈ ಸುಡೂತನ ನನ್ನ ಸೆರಗ ಹಿಡಕೊಂಡಿದ್ಲು, ಅಪ್ಪ ಎಲ್ಲಿ ಅಂತ ಕೇಳಿದ್ಲು, ನೀರ್ ಕುಡದ್ಲು. ಆಮ್ಯಾಲ ಮೈ ತಣ್ಣಗಾತು. ಜ್ವರ ಇಳೀತು ಅಂತ ನಾ ದೇವರಿಗಿ ಕೈ ಮುಗದೆ. ಕೈ ಮುಗದು ನಕ್ಕೆ ರೀ. ಬಿಸಿ ಇರೂತನ ಆಕಿ ನಮ್ಮಾಕಿ ಇದ್ಲು.”

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇವರು ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಿದ್ದರು. ಅದರಿಂದ ನೀರು ತೊಟ್ಟಿಕ್ಕಿ ಚಪ್ಪಲಿಯ ಮೇಲೆ ಬೀಳುತ್ತಿತ್ತು.

“ನನ್ನ ಕೇಳಿದ್ಲಾ?” ಎಂದರು.

“ಕೇಳಿದ್ಲು.”

ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. ಕಿಕ್ ಹೊಡೆದರು. ನಾನು ಈ ಸಲ ತೊಟ್ಟಿಗೆ ಹೋಗದೆ ಇವರ ಬೆನ್ನ ಹಿಂದಿನ ಸೀಟಿನ ಮೇಲೇ ಕೂತು, ಹೆಗಲ ಮೇಲಿನಿಂದ ಮೀಟರು ನೋಡಿದೆ. ಸೇತುವೆಯ ನಡುವೆ ಮುಳ್ಳು ನೂರಾ ನಾಲ್ಕನ್ನು ದಾಟಿತು. ಇವರ ಬೆನ್ನು ಬಿಗಿಯಾಯಿತು, ಹ್ಯಾಂಡಲ್ ಹಿಡಿದ ಕೈ ಸಡಿಲಾಗಲಿಲ್ಲ. ನೂರಾ ಎಂಟು. ನೂರಾ ಹತ್ತು. ಅದರಾಚೆ ಒಂದಿಷ್ಟು ಹೋಗಿ ಅಲ್ಲೇ ನಿಂತುಬಿಟ್ಟಿತು, ಮತ್ತೆ ಏರಲಿಲ್ಲ. ಕೆಂಪು ಗೀಟು ಇನ್ನೂ ದೂರವೇ ಇತ್ತು. ಗಾಡಿಯ ಸದ್ದು ಹಗುರಾಯಿತು. ಕೆಳಗೆ ಭೀಮೆ, ಮೇಲೆ ಹಿಂಡುಹಿಂಡಾಗಿ ಗೂಡಿಗೆ ಹೋಗುವ ಬೆಳ್ಳಕ್ಕಿ. ಕಣ್ಣು ಮುಚ್ಚಿ ನೋಡಿದೆ. ದ್ರೌಪದಿ ಬರಲಿಲ್ಲ. ಮುಂದೆ ಹೋಗಿದ್ದಾಳೆ ಎಂದುಕೊಂಡೆ.

ಜೇವರ್ಗಿ ಮುಟ್ಟಿದಾಗ ದೀಪ ಹಚ್ಚಿ ಆಗಿತ್ತು. ಒಳಗೆ ಹೆಂಗಸರು ತೊಟ್ಟಿಲ ಸುತ್ತ ಎದ್ದು ನಿಂತಿದ್ದರು. ಸುಮಿತ್ರಾ ಬಾಗಿಲ ಕಡೆಗೇ ನೋಡುತ್ತಿದ್ದಳು.

ಇವರು ಗಾಡಿ ನಿಲ್ಲಿಸಿದರು, ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಹೆಗಲ ಮೇಲಿನ ಒದ್ದೆ ಬಟ್ಟೆಯಿಂದ ಮುಖದ ಧೂಳು ಒರೆಸಿಕೊಂಡು, ಚಪ್ಪಲಿ ಬಿಟ್ಟು ನೆಟ್ಟಗೆ ಒಳಗೆ ಹೋದರು. ಎಲ್ಲರೂ ದಾರಿ ಬಿಟ್ಟರು. ತೊಟ್ಟಿಲ ಮುಂದೆ ನಿಂತು ಅಂಗೈಯನ್ನು ಕೂಸಿನ ಹಣೆಯ ಮೇಲಿಟ್ಟರು. ತೆಗೆಯಲೇ ಇಲ್ಲ.

“ಮಾವಾ, ಏನಂತೀರಿ?” ಎಂದಳು ಸುಮಿತ್ರಾ.

“ಬೆಚ್ಚಗದಾಳ,” ಎಂದರು ಇವರು. “ದ್ರೌಪದಿ ಬೆಚ್ಚಗದಾಳ.”