ಹಣಮವ್ವನ ಕಾಲಿನ ಕೀವು

ಹೊಸ್ತಿಲು ದಾಟುತ್ತಿದ್ದಂತೆಯೇ ವೈಶಾಲಿಗೆ ಆ ನಾತ ಬಡಿಯಿತು. ಹಸಿ ಕುರಿಚರ್ಮ ಕೊಳೆತಂಥ, ಗಂಟಲಿಗೆ ಅಂಟಿಕೊಳ್ಳುವ ನಾತ. ಬರುತ್ತಿದ್ದುದು ಅವಳ ಅಜ್ಜಿ, ಹಣಮವ್ವ ಆಯಿಯ ಕಾಲಿನಿಂದ.

ಹಿಪ್ಪರಗಿಯಲ್ಲಿ ಕಡಿದ ಕಬ್ಬಿನ ಹೊಲದಲ್ಲಿ ಕುರಿ ಮೇಯಿಸುವಾಗ ಕೂಳೆ ಅಂಗಾಲಿಗೆ ನಟ್ಟು ಆರು ದಿನವಾಗಿತ್ತು. ಮುದುಕಿ ಗಾಯದೊಳಗೆ ಬೀರಪ್ಪನ ಭಂಡಾರ ತುಂಬಿ ಬಟ್ಟೆ ಕಟ್ಟಿಬಿಟ್ಟಿದ್ದಳು. ದೇವರ ಅರಿಶಿನ, ತೊಳೆದರೆ ತುಳಿದಾಡುವ ನೆಲಕ್ಕೆ ಬೀಳುತ್ತದೆ, ಆದ್ದರಿಂದ ತೊಳೆಯುವಂತಿಲ್ಲ. ಪಾದ ಊದಿ ಮಿರಮಿರ ಮಿಂಚುತ್ತಿತ್ತು. ಮೈ ಕೆಂಡವಾಗಿತ್ತು. ಬಟ್ಟೆಯಂಚಿನಲ್ಲಿ ಜಿನುಗುವ ಹಸಿರು ಹಳದಿ ಕೀವಿಗೆ ನೊಣಗಳ ಜಾತ್ರೆ. ಇನ್ನೆರಡು ದಿನ ಹೀಗೇ ಬಿಟ್ಟರೆ ಕಾಲು ಉಳಿಯಲಾರದೆಂದು ಮುಧೋಳದಲ್ಲಿ ನರ್ಸಿಂಗ್ ಓದುವ ಮೊಮ್ಮಗಳಿಗೆ ಗೊತ್ತಾಯಿತು.

“ಬಿಚ್ಚತೇನಿ ಬೇ ಆಯಿ. ಜಮಖಂಡಿ ದವಾಖಾನಿಗೆ ಹೋಗೂಣು.”

“ಭಂಡಾರಕ್ಕ ಕೈ ಹಚ್ಚಿಗಿಚ್ಚೀ! ಮೂಗ ಯಾಕ ಮುಚಗೊಂಡಿ? ನಿನ್ನ ಹೇಲ ಬಳದಾಕಿ ನಾನ.”

ವೈಶಾಲಿ ಮೂಗಿನಿಂದ ವೇಲು ಸರಿಸಿದಳು. ಬಾಯಿಂದ ಉಸಿರಾಡುತ್ತ, ಆಯಿ ತನಗೆ ಕಥೆ ಹೇಳುತ್ತಿದ್ದ ಧಾಟಿಯಲ್ಲೇ ಶುರುಮಾಡಿದಳು.

“ಮೈ ಅಂದ್ರ ಒಂದ ಕೋಟೆ. ಚರ್ಮ ಅದರ ಗ್ವಾಡಿ. ಕೂಳಿ ನಟ್ಟು ಗ್ವಾಡಿ ಒಡೀತು, ಕಣ್ಣಿಗೆ ಕಾಣದ ಕಳ್ಳರು ಹೊಕ್ಕರು. ರಕ್ತದಾಗಿನ ಬಿಳಿ ಸಿಪಾಯಿಗೋಳು ಓಡಿ ಬಂದು ಅವರನ್ನ ನುಂಗಾಕತ್ತರು. ಕಾಲ ಬಾತದ್ದು, ಜ್ವರ ಬಂದದ್ದು ಆ ಗದ್ದಲಕ್ಕ. ತೊಡಿಸಂದ್ಯಾಗ ಗಡ್ಡಿ ಗಂಟ ಎದ್ದೈತಲ್ಲ, ಅದು ಅವರ ಠಾಣೆ.”

“ಗೆದ್ದರೇನ?”

“ಎಲ್ಲಿ ಗೆದ್ದಾರು? ನುಂಗಿ ನುಂಗಿ ಅಲ್ಲೇ ಸತ್ತಾರ. ಈ ಕೀವು ಅಂದ್ರ ಅವರ ಹೆಣ.”

ಹಣಮವ್ವ ಬಟ್ಟೆಯನ್ನೇ ದಿಟ್ಟಿಸಿದಳು. ಮುಖ ಹುಣಸೆಕಾಯಿ ಕಡಿದಂತಾಯಿತು.

“ಥೂ! ಆರ ದಿನದಿಂದ ಹೆಣ ಕಟಗೊಂಡ ಕುಂತೇನೇನ? ಹೆಣ ಎತ್ತೂತನಾ ಮನ್ಯಾಗ ಒಲಿ ಹಚ್ಚಾಂಗಿಲ್ಲ, ನಾ ಮೂರೂ ಹೊತ್ತ ರೊಟ್ಟಿ ತಿಂದೇನಲ್ಲಲೇ! ಬಿಚ್ಚ ಮದಲ!”

“ಭಂಡಾರ?”

“ಹೆಣದ ಮ್ಯಾಲ ಬೀರಪ್ಪರ ಹೆಂಗ ಕುಂತಾನು? ಎದ್ದ ಹೋಗ್ಯಾನ ಬಿಡು.”

ಕೈಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ವೈಶಾಲಿ ಬಟ್ಟೆ ಎಳೆದಳು. ಅದು ಒಣಗಿ ಹಕ್ಕಳೆಯೊಂದಿಗೆ ಪರಪರ ಕಿತ್ತು ಬಂತು. ಕೆಳಗೆ ಕೆಸರಾದ ಅರಿಶಿನ. ಬಿಸಿನೀರು ಸುರಿದದ್ದೇ ತಡ, ಗಟ್ಟಿ ಮಜ್ಜಿಗೆಯಂಥ ಕೀವು ಬೆಚ್ಚಗೆ ನುಗ್ಗಿ ಚೀಲದ ತೂತಿನಿಂದ ಅವಳ ಮಣಿಕಟ್ಟಿಗೆ ಇಳಿಯಿತು. ಅವಳು ಅಂಗಳಕ್ಕೆ ಓಡಿ, ಗೋಡೆ ಹಿಡಿದು ಕಾರಿಕೊಂಡಳು.

ಒಳಗಿನಿಂದ ಮುದುಕಿಯ ದನಿ ಕೇಳಿತು: “ಕಾರೂದು ಮುಗೀತೇನ? ಲಗೂನ ಬಾರಲೇ, ಒಳಗಿನ್ನೂ ಭಾಳ ಮಂದಿ ಅದಾರ. ಜಮಖಂಡಿ ಬಸ್ ಬರೂದ್ರಾಗ ಎಲ್ಲಾರನೂ ಎತ್ತಬೇಕು!”