ಮೂರನೇ ಚಿತ್ರದ ಟೈಲುಗಳು

ಇಬ್ಬರ ಉತ್ತರವೂ ಹದಿನೇಳು. ಸರಿ ಉತ್ತರವಾಗಿದ್ದರೆ ಮಾತೇ ಇರಲಿಲ್ಲ, ತಪ್ಪಿನಲ್ಲೂ ಇಷ್ಟು ಒಗ್ಗಟ್ಟು ಇರುವುದುಂಟೇ? ಗಣಿತದ ಟೀಚರಮ್ಮನಿಗೆ ನಕಲಿನ ವಾಸನೆ ಬಡಿಯಿತು.

ಬೆಳಗ್ಗೆ ಅವರು ಬೋರ್ಡಿನ ಮೇಲೆ ಟೈಲುಗಳ ಮೂರು ಚಿತ್ರ ಬರೆದಿದ್ದರು. ಒಂದು ಮೂಲೆ, ಅದರಿಂದ ಹೊರಟ ಎರಡು ತೋಳು. ಹೀಗೇ ಬೆಳೆದರೆ ಐದನೇ ಚಿತ್ರಕ್ಕೆ ಎಷ್ಟು ಟೈಲು ಬೇಕು ಎಂಬುದು ಪ್ರಶ್ನೆ. ಮೂರು, ಐದು, ಏಳು, ಒಂಬತ್ತು, ಹನ್ನೊಂದು. ಹಿಂದಿನ ಸಂಜೆ ಟೀಚರಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ರಟ್ಟಿನ ಚೌಕ ಜೋಡಿಸಿ ನೋಡಿಯೇ ತಂದ ಲೆಕ್ಕ ಅದು. ಹೆಚ್ಚಿನ ಮಕ್ಕಳು ತಲೆ ಕೆರೆದುಕೊಂಡು ಖಾಲಿ ಹಾಳೆ ಕೊಟ್ಟರು. ಹನ್ನೊಂದು ಎಂದು ಬರೆದವಳು ಒಬ್ಬಳೇ, ಅವರ ಮಗಳು. ಅಂತರಶಾಲಾ ಸ್ಪರ್ಧೆಗೆ ಇದ್ದದ್ದೂ ಒಂದೇ ಜಾಗ. ಟೀಚರಮ್ಮ ಹಿಗ್ಗಿ ಹೀರೇಕಾಯಿಯಾಗಿ, ಮುಖ್ಯೋಪಾಧ್ಯಾಯಿನಿಯ ಕಿವಿಗೆ ಆಗಲೇ ಮಗಳ ಹೆಸರು ಹಾಕಿ ಬಂದಿದ್ದರು.

ಉಳಿದದ್ದು ಈ ಕಳ್ಳಿಯರ ವಿಚಾರಣೆ. ಇಬ್ಬರಲ್ಲಿ ಗುಂಗುರು ಕೂದಲಿನವಳು ಕೂತದ್ದು ಕಿಟಕಿಯ ಪಕ್ಕ, ಮಾತಿನಮಲ್ಲಿ ಬಾಗಿಲ ಹತ್ತಿರ. ಅಷ್ಟು ದೂರದಿಂದ ಉತ್ತರ ದಾಟಿಸಿದ್ದು ಹೇಗೆ? ಗುಂಗುರು ಎರಡು ಸಲ ಕೆಮ್ಮಿದ್ದು ನೆನಪಾಯಿತು. ಸನ್ನೆಯೇ ಇರಬೇಕು. ಶಾಲೆ ಬಿಟ್ಟ ಮೇಲೆ ಅವಳನ್ನೇ ಮೊದಲು ಕರೆದರು.

"ಹದಿನೇಳು ಎಲ್ಲಿಂದ ಬಂತು?"

"ಎಣಿಸ್ದೆ ಮಿಸ್. ಮೂರು, ಐದು, ಎಂಟು. ಮೊದಲು ಎರಡು ಜಾಸ್ತಿ ಆಯ್ತು, ಆಮೇಲೆ ಮೂರು. ಇನ್ನು ನಾಲ್ಕು, ಐದು ಜಾಸ್ತಿ ಆಗ್ಬೇಕಲ್ವಾ?"

"ಎಂಟು ಅಂತ ಯಾರು ಹೇಳಿದ್ರು?"

"ಬೋರ್ಡಲ್ಲೇ ಇದೆಯಲ್ಲ ಮಿಸ್."

ಅವಳನ್ನು ಕಳಿಸಿ ಮಾತಿನಮಲ್ಲಿಯನ್ನು ಕರೆದರೆ ಅವಳೂ ಅದನ್ನೇ ಹೇಳಿದಳು, ನಾಲ್ಕು ಪಟ್ಟು ಉದ್ದವಾಗಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಲಕ್ಷಣ ಇಬ್ಬರಲ್ಲೂ ಕಾಣಲಿಲ್ಲ.

ಅವಳೂ ಹೋದ ಮೇಲೆ ಟೀಚರಮ್ಮ ಬೋರ್ಡಿನ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದರು. ಎಂಟು. ಮೂರನೇ ಚಿತ್ರದ ನಿಂತ ತೋಳಿನ ತುದಿಯಲ್ಲಿ ಒಂದು ಟೈಲು ಹೆಚ್ಚಿತ್ತು, ಅವರದೇ ಸೀಮೆಸುಣ್ಣದ ಗೆರೆ. ಮಕ್ಕಳನ್ನು ಸುಮ್ಮನೆ ಅನುಮಾನಿಸಿದೆನಲ್ಲ ಎಂದು ನಾಚಿಕೆಯಾಯಿತು.

ಆದರೆ ಈ ಚಿತ್ರ ನೋಡಿದವರಿಗೆ ಹನ್ನೊಂದು ಬರುವುದು ಹೇಗೆ?

ನಿನ್ನೆ ತಟ್ಟೆ ಇಡಲು ಬಂದ ಮಗಳು ಆ ರಟ್ಟಿನ ಚೌಕಗಳಿದ್ದ ಮೇಜಿನ ಬಳಿ ಬಹಳ ಹೊತ್ತು ನಿಂತಿದ್ದಳು. ಯಾವತ್ತೂ ತಾನಾಗಿ ತಟ್ಟೆ ಇಟ್ಟವಳಲ್ಲ. ಎಣಿಸುವಾಗ ತಪ್ಪಿರಬಹುದು ಪಾಪ, ತಪ್ಪಿರಲಿ ದೇವರೇ, ಎಂದುಕೊಂಡರು ಟೀಚರಮ್ಮ.

"ಅಮ್ಮಾ, ಹೋಗೋಣ್ವಾ?" ಮಗಳು ಚೀಲ ಹೆಗಲಿಗೇರಿಸಿಕೊಂಡು ಒಳಗೆ ಬಂದಳು.

"ಹೋಗೋಣ. ಮೂರನೇ ಚಿತ್ರದಲ್ಲಿ ಎಷ್ಟು ಟೈಲು ಇದೆ, ಹೇಳು."

ಮಗಳು ಬೋರ್ಡಿನ ಕಡೆ ತಿರುಗಲೇ ಇಲ್ಲ.

"ಏಳು," ಎಂದಳು.

"ಗೇಟ್ ಹತ್ರ ಕಾಯ್ತಿರು," ಎಂದು ಟೀಚರಮ್ಮ ಮುಖ್ಯೋಪಾಧ್ಯಾಯಿನಿಯ ಕೋಣೆಯ ಕಡೆ ನಡೆದರು.